ನಮ್ಮೂರ ರೌಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಬಂತು: ಕೈಜೋಡಿಸಿದವರಿಗೆಲ್ಲ ವಂದನೆ

ಓಪನ್‌ಡಬ್ಲ್ಯೂಆರ್‌ಟಿ ಅಂದರೆ ರೌಟರ್‌ಗಳಿಗೆ ಹಾಕಿಕೊಳ್ಳಬಹುದಾದ, ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ. ಹೋದ ವಾರ ನಮ್ಮೂರ ಕಡೆಯ ರೌಟರೊಂದು ಅದರ ಸೋರ್ಸ್ ಕೋಡ್‌ಗೆ, ಅಂದರೆ ತಂತ್ರಾಂಶದ ಮೂಲ ಬರಹಕ್ಕೆ ಸೇರಿತು. ಸಾಗರದ ಆಸುಪಾಸಿನ ಹಳ್ಳಿಗಳಿಗೆ ಫೈಬರ್ ಬಂದಾಗ ಸಂಪರ್ಕದ ಜೊತೆಗೇ ಕೊಟ್ಟುಹೋದ, ನಾಲ್ಕು ಆಂಟೆನಾದ ಬಿಳಿ ಪೆಟ್ಟಿಗೆ ಅದು. ಇನ್ನು ಮುಂದೆ ಅದರ ಫರ್ಮ್‌ವೇರ್, ಅಂದರೆ ಯಂತ್ರವನ್ನು ನಡೆಸುವ ತಂತ್ರಾಂಶ, ಯೋಜನೆಯ ಸರ್ವರ್‌ಗಳಲ್ಲೇ ತಾನಾಗಿ ತಯಾರಾಗುತ್ತದೆ, ಬೇಕಾದವರು ಇಳಿಸಿಕೊಳ್ಳಬಹುದು. ಆ ಬದಲಾವಣೆಯ ಕೆಳಗೆ ಸಹಿ ಇರುವುದು ನನ್ನೊಬ್ಬನದು. ವಿವರಣೆಯಲ್ಲಿ ಚಿಪ್ಪು ಯಾವುದು, ರ‍್ಯಾಮ್ ಎಷ್ಟು, ದೀಪ ಎಷ್ಟು, ಹಾಕಿಕೊಳ್ಳುವುದು ಹೇಗೆ ಅನ್ನುವುದಕ್ಕಷ್ಟೇ ಜಾಗ. ಅಲ್ಲಿ ಹೆಸರಿಲ್ಲದವರು ತುಂಬ ಜನ ಇದ್ದಾರೆ. ಅವರಿಗೆ ಸಲ್ಲಬೇಕಾದದ್ದನ್ನು ಇಲ್ಲಿ ಬರೆದು ಸಲ್ಲಿಸುತ್ತೇನೆ.

ಯಾಕೆ ಬೇಕಿತ್ತು ಈ ಉಸಾಬರಿ ಅಂತ ಊರಲ್ಲಿ ಬಹಳ ಮಂದಿ ಕೇಳಿದ್ದಾರೆ. ಪೆಟ್ಟಿಗೆ ಕೆಟ್ಟದ್ದಲ್ಲ. ಒಳಗಿರುವುದು ಮೀಡಿಯಾಟೆಕ್‌ನ ಎಂಟಿ7621 ಚಿಪ್ಪು, 880 ಮೆಗಾಹರ್ಟ್ಸ್‌ನ ಎರಡು ಕೋರ್, 128 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಶ್ (ಸ್ವಿಚ್ ಆರಿಸಿದರೂ ಅಳಿಯದ ಮೆಮೊರಿ). ಮನೆ ಬಳಕೆಗೆ ಇನ್ನೂ ಎಷ್ಟೋ ವರ್ಷ ಧಾರಾಳವಾಗಿ ಸಾಕು. ಆದರೆ ಅದರೊಳಗೆ ಓಡುತ್ತಿದ್ದದ್ದು ಲಿನಕ್ಸ್ 3.10. ಅದು 2013ರಲ್ಲಿ ಬಂದ ಕರ್ನಲ್ (ಯಂತ್ರದ ಭಾಗಗಳನ್ನೆಲ್ಲ ನಿಭಾಯಿಸುವ ತಿರುಳು ತಂತ್ರಾಂಶ), 2017ರ ನವೆಂಬರ್‌ಗೆ ಅದರ ನಿರ್ವಹಣೆ ನಿಂತೇಹೋಯಿತು. ಆಮೇಲೆ ಸಿಕ್ಕಿದ ಯಾವ ಭದ್ರತಾ ದೋಷಕ್ಕೂ ಅಲ್ಲಿ ಮದ್ದಿಲ್ಲ. ತಯಾರಿಸಿದವರಿಂದ ಅಪ್‌ಡೇಟ್ ಬರುವುದು ಯಾವತ್ತೋ ನಿಂತಿತ್ತು. ಬ್ಯಾಂಕು, ಆಧಾರ್, ಮಕ್ಕಳ ಪಾಠ, ಅಡಿಕೆ ಧಾರಣೆ, ಎಲ್ಲವೂ ಹಾದುಹೋಗುವ ಬಾಗಿಲು ಅದು. 2025ರ ಫೆಬ್ರುವರಿಯಲ್ಲಿ ಬಂದ ಓಪನ್‌ಡಬ್ಲ್ಯೂಆರ್‌ಟಿ 24.10ರಲ್ಲಿ ಇರುವುದು ಲಿನಕ್ಸ್ 6.6. ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಿ ಹೊಸದು ಕೊಳ್ಳಿ ಎಂದು ಊರವರಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.

ಮೊದಲ ವಂದನೆ ಸಾಗರ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಅಣ್ಣನಿಗೆ. ರೌಟರಿನ ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ತೂತುಗಳಿದ್ದವು, ಎಲ್ಲದರಲ್ಲೂ ಸೋಲ್ಡರ್ ತುಂಬಿತ್ತು, ಪಕ್ಕದಲ್ಲಿ ಒಂದಕ್ಷರವೂ ಅಚ್ಚಾಗಿರಲಿಲ್ಲ. ಅದು ಸೀರಿಯಲ್ ಪೋರ್ಟು, ಯಂತ್ರ ಏಳುವಾಗ ತನ್ನ ಮಟ್ಟಿಗೆ ಆಡಿಕೊಳ್ಳುವ ಮಾತನ್ನು ಹೊರಗಿನವರು ಕೇಳುವ ಒಂದೇ ದಾರಿ. ಅಣ್ಣ ಮೈಕ್ರೋಸ್ಕೋಪಿನ ಕೆಳಗಿಟ್ಟು ತೂತುಗಳನ್ನು ಬಿಡಿಸಿ, ನಾಲ್ಕು ಪಿನ್ ನಿಲ್ಲಿಸಿ, ಬೆಸುಗೆ ಹಾಕಿದ. ಆಮೇಲೆ ಮಲ್ಟಿಮೀಟರ್ ತೆಗೆದುಕೊಂಡು ಒಂದೊಂದನ್ನೇ ಮುಟ್ಟುತ್ತ ಹೋದೆವು. ಬೀಪ್ ಅಂದದ್ದು ಗ್ರೌಂಡ್. ಕದಲದೆ 3.3 ವೋಲ್ಟ್ ತೋರಿಸಿದ್ದು ಸಪ್ಲೈ, ಅದಕ್ಕೆ ತಂತಿ ಹಚ್ಚಲೇಬಾರದು. ಸ್ವಿಚ್ ಹಾಕಿದ ತಕ್ಷಣ ಅಂಕಿ ಕುಣಿದದ್ದು ರೌಟರ್ ಮಾತಾಡುವ ಕಾಲು, ಉಳಿದದ್ದು ಅದು ಕೇಳಿಸಿಕೊಳ್ಳುವ ಕಾಲು. ಲ್ಯಾಪ್‌ಟಾಪಿಗೆ ಜೋಡಿಸಿ 115200ರ ವೇಗ ಇಟ್ಟು ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಸಾಲುಸಾಲಾಗಿ ಅಕ್ಷರ ಇಳಿಯತೊಡಗಿತು. ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರ್ ಯು-ಬೂಟ್‌ನ ಆಯ್ಕೆಗಳ ಪಟ್ಟಿ ಬಂತು. ಅದರಲ್ಲಿ ಮೊದಲನೆಯದೇ ನಮಗೆ ಬೇಕಾದದ್ದು: ಫರ್ಮ್‌ವೇರನ್ನು ಟಿಎಫ್‌ಟಿಪಿಯಿಂದ (ನೆಟ್‌ವರ್ಕ್ ಮೂಲಕ ಫೈಲು ಕಳಿಸುವ ಸರಳ ವಿಧಾನ) ತಂದು ರ‍್ಯಾಮಿನಲ್ಲೇ ಓಡಿಸುವುದು. ಫ್ಲ್ಯಾಶ್ ಮುಟ್ಟಬೇಕಾಗಿಲ್ಲ, ಎಡವಟ್ಟಾದರೆ ಸ್ವಿಚ್ ಆರಿಸಿ ಹಾಕಿದರೆ ಹಳೆಯದೇ ವಾಪಸ್. ಅಂಗಡಿಯಲ್ಲಿ ಡಿಸ್‌ಪ್ಲೇ ಹಾಕಿಸಲು ಕಾದಿದ್ದವರೂ ಎದ್ದು ಬಂದು ಪರದೆ ನೋಡಿದರು. ಅಣ್ಣ ದುಡ್ಡು ತೆಗೆದುಕೊಳ್ಳಲಿಲ್ಲ. ‘ಆಮೇಲೆ ನಮ್ಮನೆ ರೌಟರಿಗೂ ಹಾಕಿಕೊಡಿ ಸಾರ್’ ಅಂದ, ಅಷ್ಟೇ. ಅಣ್ಣಾ, ನಿಮ್ಮ ಕೈಗುಣ ಇಲ್ಲದಿದ್ದರೆ ಉಳಿದ ಯಾವುದೂ ಶುರುವೇ ಆಗುತ್ತಿರಲಿಲ್ಲ.

ಬೆಸುಗೆಯ ನಂತರದ ಕೆಲಸ ಹೆಚ್ಚಾಗಿ ಓದುವುದು. ಹೊಸ ಪೋಸ್ಟ್‌ಮ್ಯಾನ್‌ಗೆ ಯಾರ ಮನೆ ಎಲ್ಲಿ ಎಂದು ಬರೆದುಕೊಡುವ ಹಾಗೆ, ಕರ್ನಲ್‌ಗೆ ಈ ಬೋರ್ಡಿನಲ್ಲಿ ಏನೇನು ಎಲ್ಲೆಲ್ಲಿದೆ ಎಂದು ಬರೆದುಕೊಡಬೇಕು. ಅದಕ್ಕೆ ಡಿವೈಸ್ ಟ್ರೀ ಅನ್ನುತ್ತಾರೆ. ಯಾವ ಪಿನ್ನಿಗೆ ಯಾವ ದೀಪ, ರಿಸೆಟ್ ಬಟನ್ ಯಾವುದು, ಫ್ಲ್ಯಾಶಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಬೂಟ್‌ಲೋಡರ್, ಎಲ್ಲಿಂದ ಫರ್ಮ್‌ವೇರ್. ನಾನು ಬರೆದ ಫೈಲು ಚಿಕ್ಕದೇ. ಅದು ಚಿಕ್ಕದಾಗಿರಲು ಕಾರಣ ಇದೇ ಚಿಪ್ಪಿನ ನೂರಾರು ರೌಟರ್‌ಗಳಿಗೆ ಮೊದಲೇ ಬರೆದಿಟ್ಟವರು. ಒಬ್ಬೊಬ್ಬರೂ ತಮ್ಮ ಬೋರ್ಡಿನ ವಿವರವನ್ನು, ಸೀರಿಯಲ್ ಪಿನ್ನುಗಳ ಕ್ರಮ ಸಮೇತ, ಮುಂದೆ ಬರುವ ಗುರುತಿಲ್ಲದವರಿಗಾಗಿ ಬರೆದು ಹೋಗಿದ್ದಾರೆ. ರಾತ್ರಿ ಕೂತು ಅವನ್ನು ಓದುವಾಗ ಎಷ್ಟೋ ಸಲ ಕಣ್ಣು ತುಂಬಿ ಬಂದದ್ದುಂಟು. ನೋಡದ ದೇಶದ, ಕಾಣದ ಮನುಷ್ಯರ ಆ ಋಣ ತೀರಿಸುವುದಕ್ಕೆ ನನ್ನ ಬೋರ್ಡಿನ ವಿವರವನ್ನೂ ಅಷ್ಟೇ ಪೂರ್ತಿಯಾಗಿ ಬರೆದಿಟ್ಟಿದ್ದೇನೆ.

ದೀಪಗಳ ಪಿನ್ ಸಂಖ್ಯೆ ಮಾತ್ರ ಊಹೆಗೆ ಸಿಗಲಿಲ್ಲ. ಲಿನಕ್ಸ್ ಜಿಪಿಎಲ್ ಪರವಾನಗಿಯಲ್ಲಿದೆ, ಅದನ್ನು ತುಂಬಿದ ಯಂತ್ರ ಮಾರಿದವರು ಕೇಳಿದವರಿಗೆ ಸೋರ್ಸ್ ಕೊಡಬೇಕು. ಪತ್ರ ಬರೆದೆ. ಕಂಪನಿಯಲ್ಲಿ ಯಾರೋ ಪುಣ್ಯಾತ್ಮರು ಹುಡುಕಿ ಕಳಿಸಿದರು, ಸಂಖ್ಯೆಗಳೆಲ್ಲ ಅದರಲ್ಲಿದ್ದವು. ಈ ಪರವಾನಗಿಯ ಬೆಲೆ ಎಂಥದ್ದು ಎಂದು ತಿಳಿಯಲು ಓಪನ್‌ಡಬ್ಲ್ಯೂಆರ್‌ಟಿ ಹುಟ್ಟಿದ ಬಗೆಯನ್ನೇ ನೋಡಬೇಕು. 2002ರ ಕೊನೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ಒಳಗೆ ಲಿನಕ್ಸ್ ಇರುವುದನ್ನು ಜನ ಪತ್ತೆಹಚ್ಚಿದರು, ಕೇಳಿದರು, 2003ರಲ್ಲಿ ಸೋರ್ಸ್ ಹೊರಬಂತು. ಅದರ ಮೇಲೆ 2004ರಲ್ಲಿ ಈ ಯೋಜನೆ ಶುರುವಾಯಿತು. ಹೆಸರಿನ ಬಾಲದಲ್ಲಿ ಆ ರೌಟರ್ ಇವತ್ತಿಗೂ ಉಳಿದಿದೆ. ಅವತ್ತು ಪಟ್ಟು ಬಿಡದೆ ಕೇಳಿದವರಿಗೂ ನನ್ನ ನಮಸ್ಕಾರ.

ವೈಫೈ ವಿಷಯಕ್ಕೆ ಬಂದರೆ ಫೆಲಿಕ್ಸ್ ಫಿಟ್‌ಕಾವ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಮೀಡಿಯಾಟೆಕ್‌ನ ವೈಫೈ ಚಿಪ್ಪುಗಳಿಗೆ ಎಂಟಿ76 ಅನ್ನುವ ಮುಕ್ತ ಡ್ರೈವರ್ (ಕರ್ನಲ್ ಆ ಚಿಪ್ಪುಗಳನ್ನು ನಡೆಸಲು ಬೇಕಾದ ತಂತ್ರಾಂಶ) ಶುರುಮಾಡಿದವರು, ಇಂದಿಗೂ ನೋಡಿಕೊಳ್ಳುತ್ತಿರುವವರು. ಅದು ಇಲ್ಲದಿದ್ದರೆ ನಮ್ಮ ಪೆಟ್ಟಿಗೆಯ ನಾಲ್ಕು ಆಂಟೆನಾಗಳು ಬರೀ ಕೋಲುಗಳಾಗಿ ನಿಂತಿರುತ್ತಿದ್ದವು.

ಇನ್ನು ಓಪನ್‌ಡಬ್ಲ್ಯೂಆರ್‌ಟಿಯ ಪರಿಶೀಲಕರು. ಬದಲಾವಣೆ ಕಳಿಸಿದ ಮೇಲೆ ಅವರು ಸಾಲುಸಾಲು ಓದಿ, ದೀಪದ ಹೆಸರನ್ನು ಬಣ್ಣ ಮತ್ತು ಕೆಲಸದ ಪ್ರಕಾರ ಇಡಿ, ಪಟ್ಟಿಯನ್ನು ಅಕ್ಷರಕ್ರಮದಲ್ಲಿ ಸೇರಿಸಿ ಎಂದೆಲ್ಲ ತಾಳ್ಮೆಯಿಂದ ಹೇಳಿಕೊಟ್ಟರು. ಅವರ ಒಂದು ಪ್ರಶ್ನೆ ದೊಡ್ಡದಾಗಿತ್ತು. ಪ್ರತಿ ರೌಟರಿಗೂ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಇರುತ್ತದಲ್ಲ, ನನ್ನ ಪೆಟ್ಟಿಗೆಯಲ್ಲಿ ಮನೆಯೊಳಗಿನ ವಿಳಾಸಕ್ಕೆ ಒಂದು ಕೂಡಿಸಿದರೆ ಹೊರಗಿನ ಸಂಪರ್ಕದ ವಿಳಾಸ ಬರುತ್ತಿತ್ತು. ಹಾಗೆ ಕೂಡಿಸಿ ತೆಗೆಯಬೇಕೋ, ಫ್ಲ್ಯಾಶಿನಲ್ಲಿ ಬರೆದಿಟ್ಟದ್ದನ್ನೇ ಓದಬೇಕೋ? ಎಲ್ಲ ಪೆಟ್ಟಿಗೆಯಲ್ಲೂ ಹೀಗೆಯೇ ಇದೆಯೋ, ನಿಮ್ಮದರಲ್ಲಿ ಮಾತ್ರವೋ? ಇದಕ್ಕೆ ಒಂದೇ ಪೆಟ್ಟಿಗೆ ಇಟ್ಟುಕೊಂಡು ಉತ್ತರ ಹೇಳುವುದಕ್ಕಾಗುವುದಿಲ್ಲ.

ಆಗ ನೆನಪಾದದ್ದು ಪಕ್ಕದ ಮನೆಯ ಅಜ್ಜ. ಮುಂಗಾರು ಹಿಡಿಯುವ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ನಮ್ಮಲ್ಲಿ ಎಲ್ಲರೂ ಪ್ಲಗ್ ಕಿತ್ತಿಡುತ್ತಾರೆ. ಅಜ್ಜ ತೋಟದಲ್ಲಿದ್ದಾಗ ಬಂದ ಸಿಡಿಲಿಗೆ ಅವರ ರೌಟರ್ ಕರೆಂಟ್ ಲೈನಿನಿಂದಲೇ ಏಟು ತಿಂದು ಹೋಗಿತ್ತು. ಅದನ್ನು ಅವರು ಬಿಸಾಡದೆ ಅಟ್ಟದ ಮೇಲೆ ಇಟ್ಟಿದ್ದರು. ಕೇಳಿದ್ದೇ ತಡ, ಧೂಳು ಒರೆಸಿ ಕೈಗೆ ಕೊಟ್ಟು, ‘ತಗೊಂಡು ಹೋಗೋ ತಮ್ಮಾ, ಸತ್ತದ್ದರಿಂದ ನಿನಗೇನಾದರೂ ಆಗುವುದಾದರೆ ಆಗಲಿ’ ಅಂದರು. ಬಿಚ್ಚಿ ನೋಡಿದರೆ ಪವರ್ ಬರುವ ಕಡೆ ಕಪ್ಪಾಗಿ ಸುಟ್ಟಿತ್ತು. ಅದರಿಂದ ಬೆರಳಗಲ ದೂರದಲ್ಲಿ ಎಂಟು ಕಾಲಿನ ಫ್ಲ್ಯಾಶ್ ಚಿಪ್ಪು ಮಾತ್ರ ಹೊಸದರ ಹಾಗೆ ಕೂತಿತ್ತು. ಮತ್ತೆ ಪೇಟೆಗೆ, ಅದೇ ಅಣ್ಣನ ಹತ್ತಿರ. ಬ್ಲೋವರ್‌ನಿಂದ ಬಿಸಿಗಾಳಿ ಹಿಡಿದು, ಚಿಮಟದಲ್ಲಿ ಮೆಲ್ಲಗೆ ಎತ್ತಿಕೊಟ್ಟ. ಚಿಪ್ಪು ಓದುವ ಪ್ರೋಗ್ರಾಮರ್ ಎಂಬ ಸಾಧನಕ್ಕೆ ಹಾಕಿ ಎರಡು ಸಲ ಓದಿ ಹೋಲಿಸಿದೆ, ಎರಡೂ ಪ್ರತಿ ಒಂದೇ. 16 ಎಂಬಿಯೂ ಕ್ಷೇಮ.

ಅದರಲ್ಲಿ ನನಗೆ ಬೇಕಾದದ್ದು ಫ್ಯಾಕ್ಟರಿ ಎಂಬ 64 ಕೆಬಿಯ ಚೂರು. ಕಾರ್ಖಾನೆಯಲ್ಲಿ ಆ ಒಂದು ಪೆಟ್ಟಿಗೆಯ ರೇಡಿಯೋವನ್ನು ಅಳೆದು ಹೊಂದಿಸಿದ ಅಂಕಿಗಳು, ಅದರ ಮ್ಯಾಕ್ ವಿಳಾಸಗಳು ಅಲ್ಲಿರುತ್ತವೆ. ಇನ್ನೊಂದು ಪೆಟ್ಟಿಗೆಯಿಂದ ಕಡ ತರಲಾಗದ ಮಾಹಿತಿ ಅದು. ನನ್ನದನ್ನೂ ಅಜ್ಜನದನ್ನೂ ಅಕ್ಕಪಕ್ಕ ಇಟ್ಟೆ. ಅಜ್ಜನ ರೌಟರಿನಲ್ಲಿ ಎರಡು ವಿಳಾಸಗಳ ನಡುವಿನ ಅಂತರ ಒಂದಾಗಿರಲಿಲ್ಲ, ಆದರೆ ಬರೆದಿಟ್ಟ ಜಾಗ ಎರಡರಲ್ಲೂ ಒಂದೇ, ಪೆಟ್ಟಿಗೆಯ ಅಡಿಯ ಚೀಟಿಗೂ ಸರಿಹೊಂದುತ್ತಿತ್ತು. ಕೂಡಿಸುವುದಲ್ಲ, ಓದುವುದೇ ಸರಿ ಎಂದು ತೀರ್ಮಾನವಾಯಿತು. ಅಜ್ಜಾ, ಬದಲಾವಣೆ ಒಪ್ಪಿಗೆಯಾದದ್ದು ನಿಮ್ಮ ರೌಟರಿನ ದೆಸೆಯಿಂದ. ಇಂಥ ಪ್ರಶ್ನೆ ಕೇಳಿದ ಪರಿಶೀಲಕರಿಗೂ ಅಷ್ಟೇ ಕೃತಜ್ಞ. ಸಂಬಳವಿಲ್ಲದೆ, ಬಿಡುವಿನ ಹೊತ್ತಿನಲ್ಲಿ, ತಾವು ಎಂದೂ ಮುಟ್ಟದ ಯಂತ್ರಕ್ಕಾಗಿ ಅಷ್ಟು ಕಾಳಜಿ ಮಾಡಿದ್ದಾರೆ.

ಇದೇ ಬೋರ್ಡು ಬೇರೆ ಹೆಸರಲ್ಲಿ ಇನ್ನೊಂದು ದೇಶದಲ್ಲಿ ಮಾರಾಟವಾಗುತ್ತದೆಯಂತೆ. ಅಲ್ಲಿಂದ ಒಬ್ಬರು ಹಾಕಿ ನೋಡಿ ಎಲ್ಲ ಸರಿಯಿದೆ ಎಂದು ಬರೆದರು. ಅವರಿಗೂ ವಂದನೆ. ನಾನು ರೌಟರ್ ಬಿಚ್ಚಿಟ್ಟ ದಿನಗಳಲ್ಲಿ ಗುಡ್ಡದ ಮೇಲೆ ಸಿಗ್ನಲ್ ಸಿಗುವ ಕಲ್ಲಿನ ಹತ್ತಿರ ಕೂತು ತನ್ನ ಶಾಲೆಯ ಕೆಲಸ ಮುಗಿಸಿದ ಹೆಂಡತಿಗೆ, ಬಾಯಿಮಾತಿನ ವಂದನೆ ಸಾಲದು, ಅವಳಿಗೂ ಅದು ಗೊತ್ತು.

ಕೊನೆಯದಾಗಿ ಡೇವ್ ಟಾಟ್. ಅವರಿಗೆ ಇದು ತಲುಪುವುದಿಲ್ಲ, 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮನೆಯಲ್ಲಿ ಒಬ್ಬರು ವಿಡಿಯೋ ಕಳಿಸುತ್ತಿದ್ದರೆ ಇನ್ನೊಬ್ಬರ ಕರೆ ಕಡಿಕಡಿದು ಹೋಗುವುದಕ್ಕೆ ಸ್ಪೀಡ್ ಕಡಿಮೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ರೌಟರಿನೊಳಗೆ ಪ್ಯಾಕೆಟ್‌ಗಳು, ಅಂದರೆ ಸಾಗುವ ಮಾಹಿತಿಯ ತುಣುಕುಗಳು, ಮಿತಿಮೀರಿ ಸಾಲುಗಟ್ಟುವುದೇ ಕಾರಣ ಎಂದು ವರ್ಷಗಟ್ಟಲೆ ಸಾರಿದವರಲ್ಲಿ ಅವರು ಮುಂಚೂಣಿಯವರು. ಓಪನ್‌ಡಬ್ಲ್ಯೂಆರ್‌ಟಿಯ ಮೇಲೆಯೇ ಸೆರೋಡಬ್ಲ್ಯೂಆರ್‌ಟಿ ಎಂಬ ಪ್ರಯೋಗದ ಫರ್ಮ್‌ವೇರ್ ಕಟ್ಟಿ, ಪರಿಹಾರಗಳನ್ನು ನಿಜವಾದ ರೌಟರ್‌ಗಳಲ್ಲಿ ಒರೆಹಚ್ಚಿದರು. ಆ ಕೆಲಸದಿಂದ ಬೆಳೆದ ಕೇಕ್ ಎಂಬ ಸಾಲು ನಿರ್ವಹಣೆ 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರಿತು. ನಮ್ಮ ಪೆಟ್ಟಿಗೆಯಲ್ಲಿ ಅದನ್ನು ಹಾಕಿದ ಸಂಜೆ ಮಗಳು ಯಕ್ಷಗಾನದ ವಿಡಿಯೋ ಕಳಿಸುತ್ತಿದ್ದಳು, ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಒಂದು ಮಾತೂ ಕಡಿಯಲಿಲ್ಲ. ನಮ್ಮ ಮಲೆನಾಡಿನ ಒಂದು ಮನೆಗೂ ಅವರ ದುಡಿಮೆ ಮುಟ್ಟಿದೆ ಎಂದು ಎಲ್ಲಾದರೂ ಬರೆದಿಡಬೇಕು ಅನ್ನಿಸಿತ್ತು, ಬರೆದಿದ್ದೇನೆ.

ಹಾಕಿಕೊಳ್ಳುವವರಿಗೆ ಒಂದು ಮಾತು. ಈಗ ಪೆಟ್ಟಿಗೆ ಬಿಚ್ಚಬೇಕಾಗಿಲ್ಲ, ರಿಸೆಟ್ ಒತ್ತಿಹಿಡಿದು ಸ್ವಿಚ್ ಹಾಕಿದರೆ ರಿಕವರಿ ಪುಟ ತೆರೆಯುತ್ತದೆ. ಸದ್ಯ ಸಿಗುವುದು ದಿನದಿನದ ಸ್ನ್ಯಾಪ್‌ಶಾಟ್ (ಬಿಡುಗಡೆಗೆ ಮುಂಚಿನ ಆವೃತ್ತಿ), ಅದರಲ್ಲಿ ಲೂಸಿ ಎಂಬ ಸೆಟ್ಟಿಂಗ್ ಪುಟ ಇರುವುದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಅದು ಬಂದ ಕೂಡಲೇ ಬ್ಯಾಕಪ್ ವಿಭಾಗದಿಂದ ಫ್ಯಾಕ್ಟರಿ ಭಾಗದ ಪ್ರತಿಯೊಂದನ್ನು ಇಳಿಸಿ ಪೆನ್‌ಡ್ರೈವ್‌ನಲ್ಲಿ ಜೋಪಾನ ಮಾಡಿ. ಇದೆಲ್ಲ ರಗಳೆ ಅನ್ನಿಸಿದರೆ ಭಾನುವಾರ ನಮ್ಮನೆಗೆ ತನ್ನಿ, ನಾನೇ ಹಾಕಿಕೊಡುತ್ತೇನೆ. ಬರುವಾಗ ಅಡಾಪ್ಟರ್ ಮರೆಯಬೇಡಿ.