ತೋಳಮಾನವರ ಬೇಟೆ ಪಿಶಾಚಿ ಪೂಜೆಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮಕ್ಕಳ ಆಟಗಳ ಕುರಿತು ಬಂದ ಲೇಖನ ಓದಿ ಬಹಳ ನೊಂದುಕೊಂಡೆ. ‘ವೇರ್‌ವುಲ್ಫ್: ದಿ ಅಪಾಕಲಿಪ್ಸ್’ ಎಂಬ, ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಆಟದಲ್ಲಿ, ತೋಳದ ರೂಪ ತಾಳಬಲ್ಲ ತೋಳಮಾನವರು ವಿಧಿವತ್ತಾಗಿ ಆತ್ಮಗಳ ಲೋಕಕ್ಕೆ ದಾಟಿ ಅಲ್ಲಿ ಬೇಟೆಯಾಡುವುದನ್ನು ಲೇಖಕರು ‘ಪಿಶಾಚಿ ಪೂಜೆ’ ಎಂದು ಕರೆದಿದ್ದಾರೆ. ಅದನ್ನು ಓದಿದ ನನ್ನ ಮಗನ ಹಾಸ್ಟೆಲಿನ ವಾರ್ಡನ್, ಹುಡುಗರ ದಾಳಗಳನ್ನೂ ಪಾತ್ರಗಳ ವಿವರ ಬರೆದಿಟ್ಟ ಹಾಳೆಗಳನ್ನೂ ಕಸಿದುಕೊಂಡರು. ಪತ್ರಿಕೆಯ ಒಂದು ಮಾತಿಗೆ ಎಷ್ಟು ತೂಕವಿದೆ ಎಂಬುದು ತಮಗೆ ಗೊತ್ತಿರಲಿ ಎಂದು ಇದನ್ನು ತಿಳಿಸುತ್ತಿದ್ದೇನೆ.

1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಆಟದಲ್ಲಿ ತೋಳಮಾನವರು ಭೂತಾಯಿಯ ಯೋಧರು. ಅವರು ಬೇಟೆಯಾಡುವುದು ಸತ್ತವರ ಆತ್ಮಗಳನ್ನಲ್ಲ. ಮಾಲಿನ್ಯ, ದುರಾಸೆ, ಕ್ರೌರ್ಯಗಳನ್ನು ತಿಂದು ಕೊಬ್ಬುವ ದುಷ್ಟಶಕ್ತಿಗಳನ್ನು. ನದಿ, ಮರ, ಪ್ರಾಣಿಗಳ ಆತ್ಮಗಳು ಅವರಿಗೆ ಮಿತ್ರರು, ಗುರುಗಳು. ರಜೆಗೆ ಬಂದಾಗ ಮಗ ತನ್ನ ಹಾಳೆಯನ್ನು ನನಗೆ ತೋರಿಸಿದ್ದ. ಅವನ ಪಾತ್ರ ಎಳೆಚಂದ್ರನ ಕೆಳಗೆ ಹುಟ್ಟಿದವನು, ಆತ್ಮಗಳ ಜೊತೆ ಮಾತನಾಡಬಲ್ಲವನು. ಕಾರ್ಖಾನೆಯ ಕೊಳಚೆ ಸೇರಿದ ಹೊಳೆಯಲ್ಲಿ ನೆಲೆಯೂರಿದ ದುಷ್ಟಶಕ್ತಿಯನ್ನು ಓಡಿಸುವುದು ಅಂದಿನ ಬೇಟೆ. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ, ‘ಮೊದಲು ಹೊಳೆಯ ಅಪ್ಪಣೆ ಕೇಳಬೇಕು’ ಎಂದು ಬರೆದುಕೊಂಡಿದ್ದ. ಇದರಲ್ಲಿ ಪಿಶಾಚಿಯ ಪೂಜೆ ಎಲ್ಲಿಂದ ಬಂತು?

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವವಳು. ದುಷ್ಟರನ್ನು ಬೇಟೆಯಾಡುವ ತೋಳಮಾನವ ಆಟದ ಕಂಪನಿಯವರ ತಲೆಯಲ್ಲಿ ಮೊದಲು ಹುಟ್ಟಿದವನಲ್ಲ. ಅವನ ಹೇಳಿಕೆ ನ್ಯಾಯಾಲಯದ ಕಡತದಲ್ಲಿಯೇ ಇದೆ. ಇಂದು ಲಾಟ್ವಿಯಾ, ಎಸ್ಟೋನಿಯಾಗಳಲ್ಲಿ ಹಂಚಿಹೋಗಿರುವ ಲಿವೋನಿಯಾ ಎಂಬ ಪ್ರಾಂತ ಆಗ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. 1691ರಲ್ಲಿ ಅಲ್ಲಿನ ಯೂರ್ಗೆನ್ಸ್‌ಬರ್ಗ್ ಎಂಬಲ್ಲಿ ಚರ್ಚಿನ ಕಳವಿನ ವಿಚಾರಣೆ ನಡೆದಿತ್ತು. ಸಾಕ್ಷಿ ಹೇಳಲು ಬಂದ ಥೀಸ್ ಎಂಬ ಎಂಬತ್ತು ದಾಟಿದ ಮುದುಕ ತೋಳಮಾನವನೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ ಎಂಬ ಮಾತು ಅಲ್ಲಿ ಬಂತು. ಕೇಳಿದರೆ ಮುದುಕ ಅಲ್ಲಗಳೆಯಲೇ ಇಲ್ಲ.

ಅವನು ಹೇಳಿದ್ದಿಷ್ಟು. ವರ್ಷಕ್ಕೆ ಮೂರು ಬಾರಿ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಲೂಸಿಯಾ ಹಬ್ಬದ ರಾತ್ರಿ, ಈಸ್ಟರ್ ನಂತರ ಬರುವ ಪೆಂತಕೋಸ್ತ್ ಹಬ್ಬದ ರಾತ್ರಿ ಮತ್ತು ಜೂನ್ ತಿಂಗಳ ಸಂತ ಯೋಹಾನನ ಹಬ್ಬದ ರಾತ್ರಿ, ತೋಳಮಾನವರು ಜೌಗುನೆಲದ ಕೆಳಗಿರುವ ನರಕಕ್ಕೆ ಇಳಿಯುತ್ತಾರೆ. ಮಾಟಗಾರರು ಹೊಲದ ಫಲವನ್ನು, ದನಕರುಗಳ ಸಮೃದ್ಧಿಯನ್ನು ಕದ್ದು ಅಲ್ಲಿ ಅಡಗಿಸಿರುತ್ತಾರೆ. ತೋಳಮಾನವರ ಕೈಯಲ್ಲಿ ಕಬ್ಬಿಣದ ಚಾವಟಿ, ಮಾಟಗಾರರ ಕೈಯಲ್ಲಿ ಕುದುರೆ ಬಾಲದ ಕೂದಲು ಸುತ್ತಿದ ಪೊರಕೆಯ ಹಿಡಿ. ಹೊಡೆದಾಡಿ ಧಾನ್ಯವನ್ನು ಮರಳಿ ತಂದರೆ ಆ ವರ್ಷ ಬೆಳೆ, ತಡವಾದರೆ ಬರ. ಅಂಥದೇ ಒಂದು ಹೊಡೆದಾಟದಲ್ಲಿ ಸ್ಕೈಸ್ಟಾನ್ ಎಂಬ ರೈತ ಪೊರಕೆಯ ಹಿಡಿಯಿಂದ ತನ್ನ ಮೂಗು ಮುರಿದನೆಂದೂ ಅವನು ಹೇಳಿದ. ಮೂಗು ಮುರಿದಿದ್ದು ನಿಜ. ಬಿತ್ತಿದ ಬೀಜ ಮೊಳೆಯುವ ತನಕ ನಿದ್ದೆಗೆಟ್ಟು ಕೂರುತ್ತಿದ್ದ ಅಪ್ಪನನ್ನು ಕಂಡು ಬೆಳೆದವಳು ನಾನು. ಆ ಮುದುಕನ ಮಾತಿನ ಹಿಂದಿನ ಆತಂಕ ನನಗೆ ಅರ್ಥವಾಗುತ್ತದೆ.

ನ್ಯಾಯಾಧೀಶರಿಗೆ ಅರ್ಥವಾಗಲಿಲ್ಲ. ನೀನು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದೀಯೆ, ಒಪ್ಪಿಕೋ ಎಂದು ಮತ್ತೆ ಮತ್ತೆ ಒತ್ತಾಯಿಸಿದರು. ಸೈತಾನನಿಗೆ ನಮ್ಮನ್ನು ಕಂಡರಾಗದು, ನಾವು ದೇವರ ನಾಯಿಗಳು ಎಂದು ಥೀಸ್ ಪಟ್ಟು ಹಿಡಿದ. ಪಾದ್ರಿ ಬುದ್ಧಿ ಹೇಳಲು ಬಂದಾಗಲೂ, ಈ ವಿಷಯದಲ್ಲಿ ನಿಮಗಿಂತ ಹೆಚ್ಚು ನನಗೆ ಗೊತ್ತು ಎಂದುಬಿಟ್ಟ. 1692ರ ಅಕ್ಟೋಬರ್ 31ರಂದು ಅವನಿಗೆ ಚಾವಟಿಯೇಟು ಮತ್ತು ಗಡೀಪಾರಿನ ಶಿಕ್ಷೆಯಾಯಿತು. ಆ ಕಡತವನ್ನು ಓದುವಾಗ ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ. ಎದುರಿಗಿದ್ದವನು ಏನು ಹೇಳುತ್ತಿದ್ದಾನೆ ಎಂದು ಕೇಳುವ ಮೊದಲೇ ಅವರು ಸೈತಾನನನ್ನು ತಂದು ಕೂರಿಸಿದ್ದರು. ಮೂರು ಶತಮಾನ ಕಳೆದ ಮೇಲೆ ನಿಮ್ಮ ಲೇಖಕರು ಮಾಡಿರುವುದೂ ಅದನ್ನೇ.

ಇದೊಂದು ಹಳ್ಳಿಯ ಒಬ್ಬ ಮುದುಕನ ಹುಚ್ಚು ಎಂದು ತಳ್ಳಿಹಾಕುವಂತೆಯೂ ಇಲ್ಲ. ಇಟಲಿಯ ಫ್ರಿಯೂಲಿಯಲ್ಲಿ ‘ಬೆನಾಂದಾಂತಿ’ಗಳೆಂಬ ರೈತರು, ತಾವು ನಿದ್ದೆಯಲ್ಲಿ ದೇಹ ಬಿಟ್ಟು ಹೋಗಿ, ಸೋಂಪಿನ ದಂಟು ಹಿಡಿದು ಮಾಟಗಾರರೊಡನೆ ಬೆಳೆಗಾಗಿ ಕಾದಾಡುತ್ತೇವೆ ಎನ್ನುತ್ತಿದ್ದರು. ಅವರನ್ನೂ ಚರ್ಚಿನ ವಿಚಾರಣೆ ಕಾಡಿತು. ಕೊನೆಗೆ ಅವರಲ್ಲೇ ಕೆಲವರು ತಮ್ಮನ್ನು ಮಾಟಗಾರರೆಂದು ಒಪ್ಪಿಕೊಳ್ಳುವಂತಾಯಿತು.

ಮಕ್ಕಳು ಇಂಥ ಆಟದಲ್ಲಿ ನಿದ್ದೆ, ಓದು ಕೆಡಿಸಿಕೊಂಡರೆ ಹೆತ್ತವರು ಗದರಲಿ, ನಾನೂ ಗದರಿದ್ದೇನೆ. ಆಟದಲ್ಲಿ ಹಿಂಸೆಯ ವರ್ಣನೆಯೂ ಇದೆ; ಚಿಕ್ಕ ಮಕ್ಕಳಿಗೆ ಅದು ತಕ್ಕುದಲ್ಲ. ಅದನ್ನು ಬರೆದಿದ್ದರೆ ನನ್ನ ತಕರಾರೇನೂ ಇರುತ್ತಿರಲಿಲ್ಲ. ಆದರೆ ಆಟದ ಒಂದು ಪುಟವನ್ನೂ ತೆರೆಯದೆ ಕಾಲೇಜು ಹುಡುಗರ ಮೇಲೆ ಪಿಶಾಚಿ ಪೂಜೆಯ ಆರೋಪ ಹೊರಿಸಿದ್ದನ್ನು ಹಿಂದಕ್ಕೆ ಪಡೆಯಬೇಕು. ಅದೇ ಪುರವಣಿಯಲ್ಲಿ, ಅಷ್ಟೇ ಜಾಗದಲ್ಲಿ, ಆಡುವ ಹುಡುಗ ಹುಡುಗಿಯರನ್ನೇ ಮಾತನಾಡಿಸಿ ಇನ್ನೊಂದು ಬರಹ ಪ್ರಕಟಿಸಿ. ನಿಮ್ಮ ವರದಿಗಾರರು ಪರೀಕ್ಷೆ ಮುಗಿದ ಮೇಲೆ ಬಂದರೆ ಅಂಥ ಮಕ್ಕಳನ್ನು ನಾನೇ ಪರಿಚಯಿಸುತ್ತೇನೆ.

— ಇತಿಹಾಸ ಅಧ್ಯಾಪಕಿ, ಸಾಗರ