ಆ ಪ್ರೋಟೀನನ್ನು ಶತ್ರು ಅನ್ನಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಹೀಟ್ ಶಾಕ್ ಪ್ರೋಟೀನ್‌ಗೂ (ಎಚ್‌ಎಸ್‌ಪಿ) ರಕ್ತನಾಳದ ಕಾಯಿಲೆಗೂ ಇರುವ ನಂಟಿನ ಬಗ್ಗೆ ಲೇಖನ ಬಂದಿತ್ತು. ಇಂಥ ವಿಷಯ ಕನ್ನಡದಲ್ಲಿ ಓದಲು ಸಿಕ್ಕಿದ್ದು ಖುಷಿ. ಆದರೆ ‘ರಕ್ತನಾಳದೊಳಗಿನ ಶತ್ರು’ ಅನ್ನುವ ತಲೆಬರಹ ಬೇಸರ ತಂದಿತು. ನಾನು 31 ವರ್ಷ ಲ್ಯಾಬ್ ಟೆಕ್ನೀಷಿಯನ್ ಆಗಿದ್ದವಳು. ಅದಕ್ಕೇ ಸುಮ್ನೆ ಕೂರಲಾಗದೆ ಬರೆಯುತ್ತಿದ್ದೇನೆ.

ಹೆಸರಿನಲ್ಲಿ ಶಾಖ ಬಂದದ್ದು ಹಳೇ ಕಥೆ. ಹಣ್ಣುನೊಣದ ಮರಿಹುಳುಗಳಿಗೆ ಬಿಸಿ ಜಾಸ್ತಿ ತಗುಲಿದಾಗ ಅವುಗಳ ಜೊಲ್ಲುಗ್ರಂಥಿಯ ಕ್ರೋಮೋಸೋಮ್ ಅಲ್ಲಲ್ಲಿ ಉಬ್ಬುವುದನ್ನು ಇಟಲಿಯ ಫೆರುಚ್ಚೊ ರಿಟೊಸ್ಸಾ 1962ರಲ್ಲಿ ವರದಿ ಮಾಡಿದರು. ಈ ಪ್ರೋಟೀನ್‌ಗಳ ಹುಡುಕಾಟ ಶುರುವಾದದ್ದು ಅಲ್ಲಿಂದ. ಬಿಸಿಗೆ ಮಾತ್ರವಲ್ಲ, ಜೀವಕೋಶಕ್ಕೆ ಬೇರೆ ಹಲವು ಬಗೆಯ ಕಷ್ಟ ಬಂದಾಗಲೂ ಇವು ಹೆಚ್ಚುತ್ತವೆ. ಸರಿಯಾದ ಆಕಾರಕ್ಕೆ ಮಡಚಿಕೊಳ್ಳದ ಬೇರೆ ಪ್ರೋಟೀನ್‌ಗಳನ್ನು ಹಿಡಿದು ಸರಿಮಾಡುವುದು ಇವುಗಳ ಕೆಲಸ.

ತೊಂದರೆ ಬರುವುದು ಮುಖ್ಯವಾಗಿ ಇವುಗಳಲ್ಲಿ ಒಂದಾದ ಎಚ್‌ಎಸ್‌ಪಿ 60ರ ವಿಚಾರದಲ್ಲಿ. ಸಾಮಾನ್ಯವಾಗಿ ಇದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ಒಳಗಿರುತ್ತದೆ. ಹೆಚ್ಚಿದ ಬಿಪಿ, ಸಿಗರೇಟು ಹೊಗೆ, ಕೆಟ್ಟ ಕೊಲೆಸ್ಟ್ರಾಲ್ ಇವುಗಳಿಂದ ಅಪಧಮನಿಯ ಒಳಪದರ ನಲುಗಿದಾಗ ಜೀವಕೋಶದ ಹೊರಮೈಗೆ ಬರುತ್ತದೆ. ಬ್ಯಾಕ್ಟೀರಿಯಾದಲ್ಲೂ ಬಹಳ ಮಟ್ಟಿಗೆ ಇದನ್ನೇ ಹೋಲುವ ಪ್ರೋಟೀನ್ ಇದೆ. ಹಿಂದೆ ಯಾವುದೋ ಸೋಂಕಿನ ವಿರುದ್ಧ ಹೋರಾಡಿದ ನಮ್ಮ ರಕ್ಷಣಾ ವ್ಯವಸ್ಥೆ ಗುರುತು ತಪ್ಪಿ ನಮ್ಮದೇ ರಕ್ತನಾಳದ ಮೇಲೆ ಬೀಳಬಹುದು ಅನ್ನುವುದು ಕೆಲವು ಸಂಶೋಧಕರ ವಾದ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ವಿಜ್ಞಾನಿ ಗೇಯೋರ್ಗ್ ವಿಕ್ ಅವರ ತಂಡ ಮೊಲಗಳಿಗೆ ಬ್ಯಾಕ್ಟೀರಿಯಾದ ಈ ಪ್ರೋಟೀನ್ ಚುಚ್ಚಿ ನೋಡಿತು. ಮೊಲಗಳ ಕೊಲೆಸ್ಟ್ರಾಲ್ ಹೆಚ್ಚಿರಲಿಲ್ಲ. ಆದರೂ ಮಹಾಪಧಮನಿಯಲ್ಲಿ ರಕ್ತನಾಳ ಗಟ್ಟಿಯಾಗುವ ರೋಗದ ಗುರುತುಗಳು ಮೂಡಿದವು. ಇದು 1992ರಲ್ಲಿ ಪ್ರಕಟವಾಯಿತು.

ಇದನ್ನು ಓದಿದಾಗಲೆಲ್ಲ ನನಗೆ ತಮ್ಮ ನೆನಪಾಗುತ್ತಾನೆ. ಅವನ ಲಿಪಿಡ್ (ಕೊಲೆಸ್ಟ್ರಾಲ್) ರಿಪೋರ್ಟ್ ನಾನೇ ನೋಡಿದ್ದೆ. ಎಲ್ಲವೂ ನಾರ್ಮಲ್. ‘ಏನೂ ಇಲ್ಲ ಕಣೋ, ಆರಾಮಾಗಿರು’ ಅಂದಿದ್ದೆ. ಬಿಪಿ 160/100 ಇತ್ತು, ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುತ್ತಿದ್ದ. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಎರಡೇ ತಿಂಗಳಲ್ಲಿ ಹಾರ್ಟ್ ಅಟ್ಯಾಕ್ ಆಯಿತು, ಎರಡು ಸ್ಟೆಂಟ್ ಹಾಕಿದರು. ಅವನಿಗೆ ಆದದ್ದು ಈ ಪ್ರೋಟೀನಿನಿಂದಲೇ ಅಂತ ನಾನು ಹೇಳುತ್ತಿಲ್ಲ. ಆದರೆ ರಕ್ತನಾಳದ ಗೋಡೆಗೆ ಪೆಟ್ಟು ಕೊಡುತ್ತಿದ್ದ ಎರಡು ಸಂಗತಿ ಕಣ್ಣೆದುರೇ ಇದ್ದವು. ನಾನು ಒಂದೇ ರಿಪೋರ್ಟ್ ನೋಡಿ ಧೈರ್ಯ ಹೇಳಿದೆ.

ಲೇಖನದ ಇನ್ನೊಂದು ಮಾತು ನನಗೆ ಭಯ ಹುಟ್ಟಿಸಿತು. ಬ್ಯಾಕ್ಟೀರಿಯಾ ಕಾರಣವಾದರೆ ಆಂಟಿಬಯೋಟಿಕ್ ತೆಗೆದುಕೊಂಡರೆ ಸರಿಹೋಗಬಹುದು ಅನ್ನುವ ಸೂಚನೆ ಅದರಲ್ಲಿದೆ. ಅದನ್ನು ಈಗಾಗಲೇ ಪರೀಕ್ಷಿಸಿ ನೋಡಿಯಾಗಿದೆ. 2005ರಲ್ಲಿ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ ಬಂತು. ಒಂದರಲ್ಲಿ ಅಜಿಥ್ರೊಮೈಸಿನ್, ಇನ್ನೊಂದರಲ್ಲಿ ಗ್ಯಾಟಿಫ್ಲಾಕ್ಸಸಿನ್. ಎರಡರಲ್ಲೂ 4,000ಕ್ಕಿಂತ ಹೆಚ್ಚು ಹೃದ್ರೋಗಿಗಳಿದ್ದರು. ಹೃದಯದ ತೊಂದರೆ ಕಡಿಮೆಯಾಗಲಿಲ್ಲ. ಯಾರಾದರೂ ನಿಮ್ಮ ಲೇಖನ ಓದಿ ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ಕೇಳಿದರೆ ಏನು ಗತಿ? ಈ ಪ್ರೋಟೀನ್ ವಿರುದ್ಧ ನಮ್ಮ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರತಿಕಾಯಗಳ (ಆಂಟಿಬಾಡಿ) ಪರೀಕ್ಷೆಯೂ ಅಷ್ಟೇ. ಸಂಶೋಧನೆಗೆ ಅದು ಬೇಕು. ಔಷಧ ಶುರು ಮಾಡಬೇಕೋ ಬೇಡವೋ ಅಂತ ತೀರ್ಮಾನಿಸಲು ವೈದ್ಯರು ಬರೆದುಕೊಡುವ ಮಾಮೂಲಿ ಟೆಸ್ಟ್ ಅದಲ್ಲ.

ಇದೇ ಗುಂಪಿನ ಎಚ್‌ಎಸ್‌ಪಿ 27 ರಕ್ತನಾಳವನ್ನು ಕಾಪಾಡುತ್ತದೆ ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ. ಹೀಗಿರುವಾಗ ಇಡೀ ಗುಂಪನ್ನೇ ಶತ್ರು ಅನ್ನುವುದು ಸರಿಯಲ್ಲ, ಅಲ್ವಾ?

ತಮ್ಮ ಈಗ ಸಿಗರೇಟು ಬಿಟ್ಟಿದ್ದಾನೆ. ದಿನಾ ಬೆಳಿಗ್ಗೆ ಬಿಪಿ ನೋಡಿ ನನಗೆ ಮೆಸೇಜ್ ಕಳಿಸುತ್ತಾನೆ. ಇವತ್ತು 126/80 ಇತ್ತು. ದಯವಿಟ್ಟು ಆಂಟಿಬಯೋಟಿಕ್ ಬಗ್ಗೆ ಬರೆದದ್ದಕ್ಕೆ ಮುಂದಿನ ವಾರ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ.

- ನಿವೃತ್ತ ಲ್ಯಾಬ್ ಟೆಕ್ನೀಷಿಯನ್