ಭಾನುವಾರದಿಂದ ಸಾಂಚಿನ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರದಿಂದ ನಮ್ಮ ಕರಾಟೆ ಕ್ಲಾಸಲ್ಲಿ ಹಳದಿ ಬೆಲ್ಟಿನವರಿಗೂ ಸಾಂಚಿನ್ ಅನ್ನೋ ಕಟಾ (ಗೊತ್ತಾದ ಕ್ರಮದಲ್ಲಿ ಮಾಡೋ ಚಲನೆಗಳ ಅಭ್ಯಾಸ) ಶುರು. "ಒದೆಯೂ ಇಲ್ಲ, ನೆಗೆತವೂ ಇಲ್ಲ, ಬರೀ ನಡೆಯೋದು" ಅಂತ ಗೊಣಗೋರು ಇದ್ದೇ ಇರ್ತಾರೆ, ಅದಕ್ಕೇ ಮೊದಲೇ ನಾಲ್ಕು ಮಾತು.

ಜಪಾನಿನ ಓಕಿನಾವಾ ದ್ವೀಪದ ನಾಹಾ ಊರಿನ ಕಡೆಯ ಕಟಾ ಇದು. ಬೇರು ದಕ್ಷಿಣ ಚೀನಾದಲ್ಲಿ. 1853ರಲ್ಲಿ ಹುಟ್ಟಿದ ಹಿಗಾಓನ್ನಾ ಕಾನ್ರಿಯೊ ಚೀನಾದ ಫುಝೌನಲ್ಲಿ ಕಲಿತು ಬಂದು ನಾಹಾದಲ್ಲಿ ಹೇಳಿಕೊಟ್ಟರು. ಅವರ ಶಿಷ್ಯ ಮಿಯಾಗಿ ಚೋಜುನ್ ಕಟ್ಟಿದ ಗೋಜು-ರ್‍ಯೂ ಶೈಲಿಯ ಕರಾಟೆಗೆ, ಅಂದ್ರೆ ನಮ್ಮ ಶೈಲಿಗೆ, ಇದೇ ಅಡಿಪಾಯ. ಇನ್ನೊಂದು ಶೈಲಿಯಾದ ಉಯೆಚಿ-ರ್‍ಯೂದವರದೂ ಸಾಂಚಿನ್ನೇ, ಆದರೆ ಅವರು ತೆರೆದ ಕೈಯಲ್ಲಿ ಮಾಡ್ತಾರೆ, ನಾವು ಮುಷ್ಟಿ ಕಟ್ಟಿ. ಯೂಟ್ಯೂಬ್ ನೋಡಿ ಗೊಂದಲ ಮಾಡ್ಕೋಬೇಡಿ.

ನಿಲುವು ಹೀಗೆ: ಕಾಲು ಭುಜದಗಲ, ಮುಂದಿನ ಹಿಮ್ಮಡಿ ಹಿಂದಿನ ಹೆಬ್ಬೆರಳಿನ ಸಾಲಿಗೆ, ಪಾದ ತುಸು ಒಳಮುಖ, ಮಂಡಿ ಸ್ವಲ್ಪ ಬಾಗಿರಲಿ. ಹೆಜ್ಜೆ ಎತ್ತಿಡೋದಲ್ಲ, ನೆಲಕ್ಕೆ ತಾಗಿಸಿಕೊಂಡೇ ಅರ್ಧಚಂದ್ರದ ಹಾಗೆ ಜಾರಿಸೋದು. ಗುದ್ದು ಹೋಗುವಾಗ ಉಸಿರು ಹೊರಗೆ, ಕಿಬ್ಬೊಟ್ಟೆ ಬಿಗಿ. ಭುಜ ಮೇಲೇರಿತು ಅಂದ್ರೆ ಉಸಿರು ಎದೆಗೆ ಬಂತು ಅಂತಲೇ ಲೆಕ್ಕ. ಅದನ್ನು ನೋಡೋಕೇ ಹಿಂದಿನಿಂದ ಭುಜ, ಬೆನ್ನು ತಟ್ಟೋದು, ಶಿಮೆ ಅಂತಾರೆ. ಮಕ್ಕಳಿಗೆ ಕೈಯಿಟ್ಟು ಒತ್ತಿ ನೋಡ್ತೀವಿ ಅಷ್ಟೇ, ಪೋಷಕರು ಗಾಬರಿ ಆಗಬೇಡಿ.

ನನ್ನ ಕೇಳಿದ್ರೆ, ಇದು ಕೂತರೆ ಉಳಿದ ಕಟಾಗಳು ಅರ್ಧ ತಾವಾಗೇ ಸರಿಹೋಗ್ತವೆ.

ಬಿಪಿ ಇರೋರು ಉಸಿರು ಕಟ್ಟಿ ಬಿಗಿ ಹಿಡಿಯೋದು ಬೇಡವೇ ಬೇಡ. ಮೊದಲೇ ನನಗೆ ತಿಳಿಸಿ. ಬೆಳಿಗ್ಗೆ 6.30ಕ್ಕೆ, ಖಾಲಿ ಹೊಟ್ಟೆಯಲ್ಲಿ ಬನ್ನಿ. ಬರೋರು ಒಂದು ಥಂಬ್ಸ್ ಅಪ್ ಹಾಕಿ.